ಗಟ್ಟಿ ಮೇಣಕ್ಕೆ ಎಷ್ಟು ಬಿಸಿ ಸಾಕು?

ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ಯುವ ಅಮೆರಿಕದ ಹವ್ಯಾಸಿಗಳು ಬಳಸುವ ಲೈಮನ್ 4500ರಂತಹ ಒತ್ತುಯಂತ್ರವು ಗುಂಡನ್ನು ಉಕ್ಕಿನ ಡೈ ಎಂಬ ಕೊಳವೆಯೊಳಗೆ ತಳ್ಳಿ ನಿಗದಿತ ಅಳತೆಗೆ ತರುವುದರ ಜೊತೆಗೆ, ಅದರ ಸುತ್ತಲಿನ ತೋಡುಗಳಿಗೆ ಜಾರುಮೇಣವನ್ನೂ ತುಂಬುತ್ತದೆ. ತೋಡುಗಳು ಅರೆಬರೆಯಾಗಿ ತುಂಬುತ್ತಿದ್ದರೆ, ಅದು ಬಹುಮಟ್ಟಿಗೆ ಯಂತ್ರದ ದೋಷವಲ್ಲ. ಕಾರ್ನೌಬಾದಂತಹ ಗಡಸು ಮೇಣ ಬೆರೆತ ಮಿಶ್ರಣವು ತಣ್ಣಗಿರುವಾಗ ಡೈಯ ಸಣ್ಣ ರಂಧ್ರಗಳಲ್ಲಿ ಹರಿಯಲಾರದು. ಅರ್ಧ ಜೇನುಮೇಣ, ಅರ್ಧ ಅಲಾಕ್ಸ್ ಎಂಬ ಜಾರುಪದಾರ್ಥ ಇರುವ ಮೃದು ಮಿಶ್ರಣಕ್ಕೆ ಸಾಮಾನ್ಯವಾಗಿ ಈ ಕಾಟವಿಲ್ಲ.

ಪರಿಹಾರವೆಂದರೆ ಯಂತ್ರದ ಬುಡಕ್ಕೆ ಉಷ್ಣನಿಯಂತ್ರಕವಿರುವ ವಿದ್ಯುತ್ ಹೀಟರನ್ನು ಜೋಡಿಸಿ, ಎರಕದ ಕಬ್ಬಿಣದ ಇಡೀ ಮೈ ನಿಧಾನವಾಗಿ ಬೆಚ್ಚಗಾಗುವವರೆಗೆ ಅರ್ಧ ಗಂಟೆಯಾದರೂ ಕಾಯುವುದು. ಬೆಂಕಿಯ ಜ್ವಾಲೆಯನ್ನು ಎಂದೂ ಹಿಡಿಯಬಾರದು. ಇಲ್ಲಿ ಬೇಕಿರುವುದು ಕರಗುವಿಕೆಯಲ್ಲ, ಮೆದುವಾಗುವಿಕೆ. ಜೇನುಮೇಣ ಸುಮಾರು 62 ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, 40 ಡಿಗ್ರಿಯಿಂದ ಆರಂಭಿಸಿ ತುಸುತುಸುವೇ ಏರಿಸುವುದು ಒಳ್ಳೆಯದು. ಮೇಣವು ಟೂತ್‌ಪೇಸ್ಟಿನಂತೆ ಒತ್ತಿದಷ್ಟೇ ಹೊರಬಂದು, ತೋಡಿನ ಅಂಚು ಚೂಪಾಗಿ ಮೂಡಿದರೆ ಬಿಸಿ ಸರಿಯಾಗಿದೆ; ಗುಂಡಿನ ತಳಕ್ಕೂ ಮೇಣ ಮೆತ್ತಿಕೊಂಡಿದ್ದರೆ ಬಿಸಿಯೋ ಒತ್ತಡವೋ ಮಿತಿಮೀರಿದೆ, ಮತ್ತು ಆ ಮೇಣ ಮದ್ದಿನ ಪುಡಿಯನ್ನು ಕೆಡಿಸಬಲ್ಲದು. ಮೇಣ ತಣ್ಣಗಿರುವಾಗಲೇ ಒತ್ತಡದ ತಿರುಪನ್ನು ಬಲವಂತವಾಗಿ ತಿರುಗಿಸಿದರೆ ಅದರ ಎಳೆಗಳು ಸವೆದುಹೋಗಬಹುದು. ಕೆಲಸ ನಿಲ್ಲಿಸುವಾಗ ಆ ತಿರುಪನ್ನು ಸಡಿಲಿಸದಿದ್ದರೆ, ಬಿಸಿ ಇಳಿಯುವವರೆಗೂ ಮೇಣ ಸೋರುತ್ತಲೇ ಇರುತ್ತದೆ.