ಕಾಣದ ತೊಟ್ಟಿ

ಹವಳದ ದಿಬ್ಬವು ಸಮುದ್ರದ ಅತ್ಯಂತ ಸಮೃದ್ಧವಾದ ಜೀವನೆಲೆಗಳಲ್ಲಿ ಒಂದು. ಮೀನು, ಏಡಿ, ಶಂಖ ಮೊದಲಾದ ಅಸಂಖ್ಯ ಜೀವಿಗಳು ಅಲ್ಲಿ ಪರಸ್ಪರ ಅವಲಂಬಿಸಿ ಬಾಳುತ್ತವೆ. ಅವು ಹೊರಹಾಕುವ ಮಲಿನವನ್ನು ಕಡಲಿನ ಅಪಾರ ಜಲರಾಶಿಯು ಕೊಂಡೊಯ್ಯುತ್ತದೆ. ಆದರೆ ಅಂತಹ ದಿಬ್ಬದ ಸಣ್ಣ ಪ್ರತಿರೂಪವನ್ನು ಮನೆಯಲ್ಲಿ, 300 ಲೀಟರಿನ ಗಾಜಿನ ತೊಟ್ಟಿಯಲ್ಲಿ ಬೆಳೆಸಲು ಹೊರಟವನಿಗೆ ಈ ಅನುಕೂಲವಿಲ್ಲ. ಅಲ್ಲಿ ನೀರು ಅಲ್ಪ. ಮಲಿನಕ್ಕೆ ಹೊರಹೋಗುವ ದಾರಿಯಿಲ್ಲ.

ಮೀನುಗಳು ಕಿವಿರುಗಳ ಮೂಲಕ ಅಮೋನಿಯಾವನ್ನು ವಿಸರ್ಜಿಸುತ್ತವೆ. ಉಳಿದ ಆಹಾರವು ಕೊಳೆತಾಗಲೂ ಅದೇ ಹುಟ್ಟುತ್ತದೆ. ಅದು ವಿಷ. ಕಲ್ಲು ಮರಳುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟ್ ಅಷ್ಟು ಉಗ್ರವಾದುದಲ್ಲ. ಆದರೆ ದಿನದಿನಕ್ಕೆ ನೀರಿನಲ್ಲಿ ಸಂಚಯವಾಗುತ್ತದೆ. ಅದನ್ನು ಹೀರಿ ಪಾಚಿಯು ಹುಲುಸಾಗಿ ಬೆಳೆದು ಹವಳವನ್ನು ಮುಚ್ಚುತ್ತದೆ. ಬೆಳಕು ದೊರೆಯದೆ ಹವಳವು ಸಾಯುತ್ತದೆ.

ಈ ಸಮಸ್ಯೆ ಹೊಸದೇನಲ್ಲ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆಯಿತು. ಆ ಕಾಲದ ತೊಟ್ಟಿಗಳ ನೀರು ಬೆಳಕಿನಲ್ಲಿ ನಿಂತು ಹಸಿರಾಗಿ ಕದಡುತ್ತಿತ್ತು. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತನು ಇದಕ್ಕೊಂದು ಉಪಾಯವನ್ನು ಅನುಸರಿಸಿದನು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ತೆರೆದ ಮತ್ಸ್ಯಾಗಾರದಲ್ಲಿ, ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲ ಜಲಾಶಯವೊಂದು ನೆಲದಡಿಯಲ್ಲಿತ್ತು. ಪಂಪುಗಳು ಆ ನೀರನ್ನು ಮೇಲಕ್ಕೂ ಕೆಳಕ್ಕೂ ಸದಾ ಸುತ್ತಿಸುತ್ತಿದ್ದವು. ನೋಡುಗರಿಗೆ ಕಾಣುತ್ತಿದ್ದುದು ಮೇಲಿನ ತೊಟ್ಟಿ. ಅದನ್ನು ಬದುಕಿಸುತ್ತಿದ್ದುದು ಕೆಳಗಿನ ಜಲಾಶಯ.

ಇಂದಿನ ಮನೆಯ ಮತ್ಸ್ಯಾಗಾರದ ಸಂಪು ಇದೇ ತತ್ತ್ವದ ಕಿರಿಯ ರೂಪ. ನಮ್ಮ ಮನೆಗಳ ನೆಲದಡಿಯ ಸಂಪಿನಂತೆ ಇದೂ ಕಣ್ಣಿಗೆ ಬೀಳದೆ, ತೊಟ್ಟಿಯ ಕೆಳಗಿನ ಕಪಾಟಿನಲ್ಲಿರುತ್ತದೆ. ಮೇಲಿನ ತೊಟ್ಟಿಯ ಅಂಚನ್ನು ಮೀರಿದ ನೀರು ಕೊಳವೆಯ ಮೂಲಕ ತಾನಾಗಿ ಸಂಪಿಗೆ ಇಳಿಯುತ್ತದೆ. ಪಂಪು ಅದನ್ನು ಮತ್ತೆ ಮೇಲೇರಿಸುತ್ತದೆ. ಒಟ್ಟು ನೀರು ಹೆಚ್ಚುವುದರಿಂದ ಶಾಖವಾಗಲಿ ಲವಣಾಂಶವಾಗಲಿ ಥಟ್ಟನೆ ಬದಲಾಗುವುದಿಲ್ಲ. ನೊರೆಯ ರೂಪದಲ್ಲಿ ಮಲಿನವನ್ನು ತೆಗೆಯುವ ಉಪಕರಣವೂ ಅಲ್ಲಿಯೇ ಅಡಗಿರುತ್ತದೆ. ನೀರು ಆವಿಯಾದಾಗ ಉಪ್ಪು ಉಳಿಯುತ್ತದೆ. ಮಟ್ಟವು ಇಳಿಯುವುದು ಸಂಪಿನಲ್ಲಿ. ಆದುದರಿಂದ ಕಳೆದುಹೋದಷ್ಟು ಸಿಹಿನೀರನ್ನು ಅಲ್ಲಿಯೇ ತುಂಬಬೇಕು.

ಸಂಪಿನಲ್ಲಿ ಒಂದಿಷ್ಟು ಸ್ಥಳವನ್ನು ಬರಿದಾಗಿ ಬಿಡುವುದು ಅತ್ಯವಶ್ಯಕ. ವಿದ್ಯುತ್ತು ನಿಂತರೆ ಪಂಪೂ ನಿಲ್ಲುತ್ತದೆ. ಮೇಲಿನ ನೀರು ಅದೇ ಕೊಳವೆಯಲ್ಲಿ ಹಿಮ್ಮುಖವಾಗಿ ಇಳಿಯತೊಡಗುತ್ತದೆ. 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಮಟ್ಟವು 2 ಸೆಂ.ಮೀ. ಇಳಿದರೆ 12 ಲೀಟರ್ ನೀರು ಕೆಳಗೆ ಬರುತ್ತದೆ. ಕೊಳವೆಯ ಬಾಯಿ 10 ಸೆಂ.ಮೀ. ಆಳದಲ್ಲಿದ್ದರೆ 60 ಲೀಟರ್! ಸಂಪು ಉಕ್ಕಿ ನೆಲವೆಲ್ಲ ತೋಯುತ್ತದೆ. ಕೊಳವೆಯಲ್ಲಿ ನೀರಿನ ಮಟ್ಟಕ್ಕೆ ತುಸುವೇ ಕೆಳಗೆ ಸಣ್ಣ ರಂಧ್ರವೊಂದನ್ನು ಕೊರೆದರೆ, ಮಟ್ಟವು ಅದಕ್ಕಿಂತ ಇಳಿದೊಡನೆ ಗಾಳಿ ಒಳಹೊಕ್ಕು ಹರಿವು ನಿಲ್ಲುತ್ತದೆ. ಆ ರಂಧ್ರವು ಮುಚ್ಚಿಹೋಗದಂತೆ ಎಚ್ಚರ ವಹಿಸಬೇಕು.

ಸಂಪಿನ ಒಂದು ಅಂಕಣವನ್ನು ಸಾಕಣೆಗಾರರು ಬೇರೊಂದು ಕಾರ್ಯಕ್ಕೆ ಮೀಸಲಿಡುತ್ತಾರೆ. ಅದಕ್ಕೆ ರೆಫ್ಯೂಜಿಯಂ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ ಆಶ್ರಯಸ್ಥಾನ. ಲಾಯ್ಡನು ಪಾಚಿಯನ್ನು ದೂರವಿಡಲು ಜಲಾಶಯವನ್ನು ಕತ್ತಲಾಗಿಸಿದ್ದನು. ಇಲ್ಲಿಯಾದರೋ ದೀಪವನ್ನು ಉರಿಸಿ ಪಾಚಿಯನ್ನೇ ಬೆಳೆಸುತ್ತಾರೆ. 1980ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಪ್ರದರ್ಶನಕ್ಕೆ ತೆರೆದ ಹವಳದ ದಿಬ್ಬದ ಮಾದರಿಯಲ್ಲಿ, ವಾಲ್ಟರ್ ಆಡೀ ಎಂಬ ವಿಜ್ಞಾನಿಯೂ ನೀರಿನ ಶುದ್ಧಿಗೆ ಪಾಚಿಯನ್ನೇ ನೆಚ್ಚಿದ್ದರು. ಪಾಚಿಯು ನೈಟ್ರೇಟನ್ನು ಹೀರಿ ಬೆಳೆಯುತ್ತದೆ. ಬೆಳೆದುದನ್ನು ಕೊಯ್ದು ಹೊರಗೆ ತೆಗೆದಾಗ ಮಲಿನವೂ ಅದರೊಡನೆ ಹೊರಹೋಗುತ್ತದೆ. ಕೊಯ್ಯದೆ ಬಿಟ್ಟ ಪಾಚಿ ಸತ್ತು ಕೊಳೆತರೆ, ಹೀರಿದ್ದೆಲ್ಲವೂ ಮರಳಿ ನೀರಿಗೇ ಸೇರುತ್ತದೆ. ಮೇಲೆ ಶತ್ರುವಾಗಿದ್ದ ಪಾಚಿಯು ಕೆಳಗೆ ಸೇವಕನಾಗುವುದು ಕೈಯಾಡಿಸುವವನ ಶ್ರದ್ಧೆಯಿಂದ.

ಆಶ್ರಯಸ್ಥಾನವೆಂಬ ಹೆಸರಿಗೆ ಕಾರಣವಾದುದು ಇನ್ನೊಂದು ಉಪಯೋಗ. ಕೋಪಿಪಾಡ್ ಎಂಬ ಅತಿಸಣ್ಣ ಜೀವಿಗಳು ಮೇಲಿನ ತೊಟ್ಟಿಯಲ್ಲಿ ಮೀನುಗಳ ಬಾಯಿಗೆ ಬಿದ್ದು ಬೇಗನೆ ಮುಗಿದುಹೋಗುತ್ತವೆ. ಸುಂದರವಾದ ಮ್ಯಾಂಡರಿನ್ ಮೀನಿಗೆ ಮುಖ್ಯ ಆಹಾರವೇ ಇಂತಹ ಜೀವಿಗಳು. ಅವು ಮುಗಿದ ತೊಟ್ಟಿಯಲ್ಲಿ ಅದು ದಿನೇ ದಿನೇ ಬಡಕಲಾಗಿ ಸಾಯುತ್ತದೆ. ಆಶ್ರಯದ ಅಂಕಣದಲ್ಲಿ ಬೇಟೆಗಾರ ಮೀನುಗಳಿಲ್ಲ. ಪಾಚಿಯ ಮರೆಯಲ್ಲಿ ಕೋಪಿಪಾಡ್‌ಗಳು ನಿರ್ಭಯವಾಗಿ ವೃದ್ಧಿಸುತ್ತವೆ. ಅವುಗಳಲ್ಲಿ ಕೆಲವು ನೀರಿನೊಡನೆ ಮೇಲೇರಿ ಮೀನಿಗೆ ಉಣಿಸಾಗುತ್ತವೆ. ದುರ್ಬಲರಿಗೆ ದೊರೆತ ಆಶ್ರಯವೇ ಇತರರ ಅನ್ನವಾಗುತ್ತದೆ.

ನಿಸರ್ಗದ ಕ್ರಮವೂ ಇದಕ್ಕೆ ಹೊರತಲ್ಲ. ತೀರದ ಕಾಂಡ್ಲಾಕಾಡುಗಳಲ್ಲಿಯೂ ಕಡಲಹುಲ್ಲಿನ ಬಯಲುಗಳಲ್ಲಿಯೂ ಅನೇಕ ಮೀನುಗಳ ಮರಿಗಳು ಬೆಳೆದು ದಿಬ್ಬಕ್ಕೆ ಸೇರುತ್ತವೆ. ಕೆಸರೆಂದು ಅವುಗಳನ್ನು ಹಾಳುಗೆಡವಿದರೆ ದೂರದ ದಿಬ್ಬವೂ ಬಡವಾಗುತ್ತದೆ. ದಿಬ್ಬ ಕಟ್ಟುವ ಹವಳಗಳಿಗೆ ಭಾರತದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಕಡಲಿನಿಂದ ಅವುಗಳನ್ನು ಕಿತ್ತು ತರುವುದು ಅಪರಾಧ. ಮನೆಯ ಪುಟ್ಟ ತೊಟ್ಟಿಯೊಂದನ್ನು ಬದುಕಿಸಲು ಎಷ್ಟು ಎಚ್ಚರ ಬೇಕೆಂಬುದನ್ನು ಅರಿತವನು ಕಡಲಿನ ದಿಬ್ಬದ ಬೆಲೆಯನ್ನೂ ಅರಿಯುತ್ತಾನೆ. ಕಣ್ಣಿಗೆ ಕಾಣುವ ಚೆಲುವಿನ ಹಿಂದೆ ಕಾಣದ ದುಡಿಮೆಯೊಂದು ಇರುತ್ತದೆ. ಅದನ್ನು ಕಾಪಾಡುವುದೇ ಚೆಲುವನ್ನು ಕಾಪಾಡುವ ಮಾರ್ಗ.

ಪ್ರಶ್ನೆಗಳು

1. ಲಾಯ್ಡನು ಅನುಸರಿಸಿದ ಉಪಾಯವೇನು?
2. ಸಂಪಿನಲ್ಲಿ ಬರಿಯ ಸ್ಥಳವನ್ನು ಏಕೆ ಬಿಡಬೇಕು?
3. ‘ದುರ್ಬಲರಿಗೆ ದೊರೆತ ಆಶ್ರಯವೇ ಇತರರ ಅನ್ನವಾಗುತ್ತದೆ’ – ಈ ಮಾತನ್ನು ವಿವರಿಸಿರಿ.