ಒಂದೇ ಮನೆಯ ಮಕ್ಕಳು

ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದೊಡನೆ ನಮ್ಮ ಕೊಠಡಿಯ ಮುಂದೆ ತಾಯಂದಿರು ಚಿಕ್ಕ ಮಕ್ಕಳ ಕೈಹಿಡಿದು ನಿಲ್ಲುವುದುಂಟು. ಹಿರಿಯ ಮಗಳು ಆಗಲೇ ನಮ್ಮಲ್ಲಿ ಓದುತ್ತಿರುವಳು. ಈಗ ಎರಡನೆಯವಳನ್ನು ಸೇರಿಸಬೇಕಾಗಿದೆ. ಹೆಸರು, ಜನ್ಮದಿನ, ತಂದೆಯ ಉದ್ಯೋಗ ಇವುಗಳನ್ನು ಬರೆದುಕೊಳ್ಳುವಷ್ಟರಲ್ಲಿ ತಾಯಿಯ ಬಾಯಿಂದ ಒಂದು ಮಾತು ತಪ್ಪದೆ ಬರುವುದು: “ಇವಳು ಅಕ್ಕನ ಹಾಗಲ್ಲ, ಅಮ್ಮನವರೇ.” ಕೆಲವರು ಇದನ್ನು ನಗುತ್ತ ಹೇಳುವರು, ಕೆಲವರು ನಿಟ್ಟುಸಿರಿಟ್ಟು ಹೇಳುವರು. ಮಗುವಾದರೋ ತಾಯಿಯ ಸೆರಗಿನ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿರುವುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿ, ಇಬ್ಬರು ಮೂವರು ಮಕ್ಕಳು ತಮ್ಮ ಕಣ್ಣೆದುರಿನಲ್ಲಿ ಬೆಳೆಯುವುದನ್ನು ನೋಡುತ್ತಿದ್ದಾರೆ. ಆದಕಾರಣ ಮೇಲಿನ ಆ ಒಂದು ಮಾತನ್ನೇ ಹಿಡಿದು ಅವರೊಡನೆಯೂ ಇತರ ತಂದೆತಾಯಿಗಳೊಡನೆಯೂ ಸ್ವಲ್ಪ ವಿಚಾರಮಾಡಬೇಕೆಂದು ಅಪೇಕ್ಷಿಸುತ್ತೇವೆ. ಒಂದೇ ಮಡಿಲಲ್ಲಿ ಬೆಳೆದು, ಒಂದೇ ಒಲೆಯ ಅನ್ನವನ್ನುಂಡು, ಒಂದೇ ಚಾಪೆಯ ಮೇಲೆ ಮಲಗಿದ ಮಕ್ಕಳು ಒಬ್ಬರಂತೆ ಒಬ್ಬರಿಲ್ಲದಿರುವುದೇಕೆ? ಆ ಭೇದವನ್ನು ಹಿರಿಯರಾದ ನಾವು ಯಾವ ಕಣ್ಣಿನಿಂದ ನೋಡತಕ್ಕದ್ದು?

ಮೊದಲು ತೊಟ್ಟಿಲನ್ನೇ ನೋಡೋಣ. ಒಂದು ಕೂಸು ಹೊತ್ತಿಗೆ ಸರಿಯಾಗಿ ಹಸಿದು ಹೊತ್ತಿಗೆ ಸರಿಯಾಗಿ ನಿದ್ರಿಸುವುದು. ಅದರ ಬೆನ್ನಿಗೆ ಹುಟ್ಟಿದ ಕೂಸಿಗೆ ಹಗಲಿರುಳುಗಳ ನಿಯಮವೇ ಇಲ್ಲ. ಒಂದು ನೀರೆರೆಯುವಾಗ ಕೈಕಾಲು ಬಡಿದು ನಗುವುದು. ಇನ್ನೊಂದು ಬೀದಿಗೆಲ್ಲ ಕೇಳುವಂತೆ ಅಳುವುದು. ನೆಂಟರು ಕೈಚಾಚಿದರೆ ಒಂದು ಹಾರಿಹೋಗುವುದು. ಇನ್ನೊಂದು ಅಜ್ಜಿಯ ಹೆಗಲಿಗೆ ಮುಖವೊತ್ತಿಕೊಳ್ಳುವುದು. ಇವುಗಳನ್ನು ಯಾರೂ ಕಲಿಸಿದ್ದಲ್ಲ.

ನ್ಯೂಯಾರ್ಕ್ ನಗರದ ವೈದ್ಯದಂಪತಿಗಳಾದ ಅಲೆಗ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬವರು ೧೯೫೬ರಲ್ಲಿ ಪ್ರಾರಂಭಿಸಿ, ೧೩೩ ಮಂದಿ ಮಕ್ಕಳನ್ನು ಶೈಶವದಿಂದ ಪ್ರಾಯ ತುಂಬುವವರೆಗೂ ಹಿಂಬಾಲಿಸಿ ನೋಡಿದರು. ಚಟುವಟಿಕೆ, ಹಸಿವು ನಿದ್ರೆಗಳ ಕ್ರಮ, ಹೊಸದನ್ನು ಕಂಡಾಗ ಮುಂದೆ ಬರುವುದು ಅಥವಾ ಹಿಂಜರಿಯುವುದು, ಹಿಡಿದ ಕೆಲಸವನ್ನು ಬಿಡದಿರುವುದು ಮೊದಲಾದ ಒಂಬತ್ತು ಲಕ್ಷಣಗಳಿಂದ ಅವರು ಶಿಶುಗಳ ಸ್ವಭಾವವನ್ನು ಅಳೆದರು. ನೂರಕ್ಕೆ ಸುಮಾರು ನಾಲ್ವತ್ತು ಮಕ್ಕಳು ಸುಲಭಸ್ವಭಾವದವರು. ಸುಮಾರು ಹತ್ತು ಮಂದಿ ಕಷ್ಟಸ್ವಭಾವದವರು. ಸುಮಾರು ಹದಿನೈದು ಮಂದಿ ಮೊದಲು ಹಿಂಜರಿದು, ನಿಧಾನವಾಗಿ ಒಗ್ಗಿಕೊಳ್ಳುವವರು. ಉಳಿದವರು ಯಾವೊಂದು ಗುಂಪಿಗೂ ಪೂರ್ತಿಯಾಗಿ ಸೇರದವರು. ಆ ವೈದ್ಯರು ತೋರಿಸಿಕೊಟ್ಟ ಮುಖ್ಯ ಸಂಗತಿಯೇನಂದರೆ, ಇವುಗಳಲ್ಲಿ ಯಾವ ಸ್ವಭಾವವೂ ತಾನಾಗಿ ಕೇಡಲ್ಲ. ಮಗುವಿನ ಸ್ವಭಾವಕ್ಕೂ ಸುತ್ತಲಿನ ಹಿರಿಯರು ಅದರಿಂದ ಬಯಸುವುದಕ್ಕೂ ಹೊಂದಿಕೆಯಿದ್ದರೆ ಮಗು ಚೆನ್ನಾಗಿ ಬೆಳೆಯುವುದು; ಹೊಂದಿಕೆಯಿಲ್ಲದಿದ್ದರೆ ಒಳ್ಳೆಯ ಮಗುವೂ ಬಾಡುವುದು.

ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಸಾಮಾನ್ಯವಾಗಿ ಮಗುವು ಕನ್ನಡಿಯೊಳಗಿನ ಮುಖವು ತನ್ನದೇ ಎಂದು ತಿಳಿಯುವುದು. ಹಣೆಗೆ ಬೊಟ್ಟು ಬಣ್ಣವನ್ನು ತಿಳಿಯದಂತೆ ಹಚ್ಚಿ ಕನ್ನಡಿಯ ಮುಂದೆ ಕೂರಿಸಿದರೆ, ಅದು ಕನ್ನಡಿಯನ್ನು ಮುಟ್ಟದೆ ತನ್ನ ಹಣೆಯನ್ನೇ ಮುಟ್ಟಿ ನೋಡುವುದು. ಇದೇ ಕಾಲದಲ್ಲಿ ಮನೆಯಲ್ಲಿ “ನಂದು”, “ನಾನೇ” ಎಂಬ ಎರಡು ಮಾತುಗಳು ಹೆಚ್ಚಾಗಿ ಕೇಳಿಬರುವುವು. ಅಕ್ಕನು ಲೋಟವನ್ನು ಹಿಡಿಯಹೋದರೆ ತಮ್ಮನು ಕಿರುಚುವನು. ಹಾಲು ಚೆಲ್ಲಿದರೂ ಸರಿ, ತಾನೇ ಕುಡಿಯಬೇಕು. ತಾಯಂದಿರು ಇದನ್ನು ಹಟವೆಂದು ಗದರಿಸುವರು. ಹಟವಿರಬಹುದು, ಆದರೆ ತಾನು ಬೇರೆ, ಅಕ್ಕ ಬೇರೆ ಎಂಬ ಅರಿವು ಆ ಹಟದೊಳಗೆ ಮೊಳೆಯುತ್ತಿರುವುದನ್ನು ಮರೆಯಬಾರದು.

ಇನ್ನು ಒಂದೇ ಮನೆ ಎಂಬ ಮಾತನ್ನು ವಿಚಾರಿಸೋಣ. ಜನರಲ್ಲಿ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಾಗುವ ವಂಶವಾಹಿಗಳಲ್ಲಿ ಸರಾಸರಿ ಅರ್ಧ ಭಾಗ ಮಾತ್ರವೇ ಒಡಹುಟ್ಟಿದವರಿಗೆ ಸಮಾನವಾಗಿರುವುದು. ಆದುದರಿಂದ ಹುಟ್ಟಿನಲ್ಲಿಯೇ ಭೇದಕ್ಕೆ ಎಡೆಯುಂಟು. ಆದರೆ ಬೆಳೆಯುವ ಮನೆಯಾದರೂ ಒಂದೇ ಅಲ್ಲವೇ ಎಂದು ಕೇಳಬಹುದು. ೧೯೮೭ರಲ್ಲಿ ರಾಬರ್ಟ್ ಪ್ಲೋಮಿನ್ ಮತ್ತು ಡೆನಿಸ್ ಡೇನಿಯಲ್ಸ್ ಎಂಬ ಪಂಡಿತರು ಇದೇ ಪ್ರಶ್ನೆಯನ್ನೆತ್ತಿ ಒಂದು ಲೇಖನವನ್ನು ಬರೆದರು. ಮಕ್ಕಳ ಸ್ವಭಾವವನ್ನು ರೂಪಿಸುವುದರಲ್ಲಿ ಮನೆಯೊಳಗೆ ಎಲ್ಲರಿಗೂ ಸಮಾನವಾದ ಸಂಗತಿಗಳಿಗಿಂತ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಒದಗುವ ಅನುಭವಗಳೇ ಬಲವಾದುವೆಂಬುದು ಅವರ ನಿರ್ಣಯ. ವಾಸ್ತವವಾಗಿ ಇಬ್ಬರು ಮಕ್ಕಳು ಒಂದೇ ಮನೆಯಲ್ಲಿ ಎಂದಿಗೂ ಬೆಳೆಯುವುದಿಲ್ಲ. ಹಿರಿಯ ಮಗಳು ಹುಟ್ಟಿದಾಗ ತಾಯಿಯು ಅನುಭವವಿಲ್ಲದ ಹೆಣ್ಣು. ಕಿರಿಯವಳು ಹುಟ್ಟುವ ವೇಳೆಗೆ ಅವಳು ಜ್ವರ, ಹಲ್ಲುನೋವುಗಳನ್ನೆಲ್ಲ ಕಂಡವಳು. ಹಿರಿಯವಳ ಮನೆಯಲ್ಲಿ ಅಕ್ಕನೆಂಬವಳು ಇರಲಿಲ್ಲ; ಕಿರಿಯವಳ ಮನೆಯಲ್ಲಿ ಮೊದಲ ದಿನದಿಂದಲೂ ಒಬ್ಬಳು ಅಕ್ಕನಿದ್ದಾಳೆ. ಇಷ್ಟೇ ಸಾಕು, ಎರಡು ಮನೆಗಳೂ ಬೇರೆಯಾದುವು.

ಇದಕ್ಕೆ ಮೈಸೂರಿನ ಒಂದು ಮನೆತನವು ಒಳ್ಳೆಯ ದೃಷ್ಟಾಂತವಾಗಿದೆ. ಮಹಾರಾಜಾ ಕೊಲೀಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರೊಬ್ಬರ ಮಕ್ಕಳಲ್ಲಿ ಇಬ್ಬರು ಲೋಕಪ್ರಸಿದ್ಧರಾದರು: ೧೯೦೬ರಲ್ಲಿ ಜನಿಸಿದ ಕಾದಂಬರಿಕಾರ ಆರ್. ಕೆ. ನಾರಾಯಣರು ಮತ್ತು ೧೯೨೧ರಲ್ಲಿ ಜನಿಸಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರು. ತಂದೆತಾಯಿಗಳು ಒಬ್ಬರೇ. ಆದರೆ ಅಣ್ಣನ ಬಾಲ್ಯದ ಬಹುಭಾಗವು ಮದರಾಸಿನಲ್ಲಿ ಅಜ್ಜಿಯ ಬಳಿ ಕಳೆಯಿತು; ತಮ್ಮನು ಮೈಸೂರಿನಲ್ಲಿಯೇ ಅಣ್ಣಂದಿರ ನಡುವೆ ಮನೆಯ ಕೊನೆಯ ಮಗುವಾಗಿ ಬೆಳೆದನು. ೧೯೩೭ರಲ್ಲಿ ತಂದೆಯು ತೀರಿಕೊಂಡಾಗ ಅಣ್ಣನು ಮೂವತ್ತು ವರ್ಷದ ಗೃಹಸ್ಥ, ತಮ್ಮನು ಇನ್ನೂ ಹುಡುಗ. ಅಣ್ಣನು ಪುಸ್ತಕಗಳಲ್ಲಿ ಮುಳುಗಿದರೆ ತಮ್ಮನು ಓದುಬರಹಗಳಿಗೆ ಮೊದಲೇ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಚಿತ್ರ ಗೀಚತೊಡಗಿದನು. ಮುಂದೆ ಅಣ್ಣನು ಬರೆದ ಕತೆಗಳಿಗೆ ತಮ್ಮನು ಚಿತ್ರಗಳನ್ನು ಬರೆದುದು ಎಲ್ಲರೂ ಬಲ್ಲ ಸಂಗತಿ. ತಮ್ಮನು ಅಣ್ಣನ ನೆರಳಾಗಲಿಲ್ಲ, ಜೊತೆಗಾರನಾದನು.

ಹುಟ್ಟಿದ ವರಸೆಯೇ ಸ್ವಭಾವವನ್ನು ನಿಶ್ಚಯಿಸುವುದೆಂದು ನಂಬುವವರು ನಮ್ಮಲ್ಲಿ ಬಹುಮಂದಿ. ಹಿರಿಯವಳು ಜವಾಬ್ದಾರಿಯುಳ್ಳವಳು, ನಡುವಿನವಳು ಯಾರ ಗಮನಕ್ಕೂ ಬಾರದವಳು, ಕಿರಿಯವಳು ಮುದ್ದಿನಿಂದ ಕೆಟ್ಟವಳು ಎಂದು ಸುಲಭವಾಗಿ ಹೇಳಿಬಿಡುವರು. ವಿಯನ್ನಾ ನಗರದ ವೈದ್ಯ ಆಲ್ಫ್ರೆಡ್ ಆಡ್ಲರರೂ ಹುಟ್ಟಿನ ವರಸೆಗೆ ದೊಡ್ಡ ಸ್ಥಾನವನ್ನು ಕೊಟ್ಟಿದ್ದರು. ಆದರೆ ೨೦೧೫ರಲ್ಲಿ ಎರಡು ದೊಡ್ಡ ಪರಿಶೋಧನೆಗಳು ಪ್ರಕಟವಾದುವು. ಒಂದರಲ್ಲಿ ಜರ್ಮನಿ, ಬ್ರಿಟನ್, ಅಮೆರಿಕಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನೂ, ಮತ್ತೊಂದರಲ್ಲಿ ಅಮೆರಿಕದ ಸುಮಾರು ೩,೭೭,೦೦೦ ಹೈಸ್ಕೂಲು ವಿದ್ಯಾರ್ಥಿಗಳನ್ನೂ ಪರಿಶೀಲಿಸಲಾಗಿತ್ತು. ಬುದ್ಧಿಪರೀಕ್ಷೆಗಳಲ್ಲಿ ಹಿರಿಯರಿಗೆ ಬಹು ಅಲ್ಪವಾದ ಮುಂಬರಿವು ಕಂಡುಬಂದಿತೇ ಹೊರತು, ಸ್ವಭಾವದ ಮೇಲೆ ಹುಟ್ಟಿನ ವರಸೆಯ ಪ್ರಭಾವವು ಇಲ್ಲವೆನ್ನುವಷ್ಟು ಸ್ವಲ್ಪವೆಂದು ತಿಳಿಯಿತು. ಹೀಗಿರಲಾಗಿ, “ಕಿರಿಯವಳಲ್ಲವೇ, ಹಾಗೆಯೇ” ಎಂಬ ಮಾತಿಗೆ ನಾವು ಕೊಡುವ ಬೆಲೆಯನ್ನು ಕಡಿಮೆಮಾಡಿಕೊಳ್ಳುವುದು ಉಚಿತ.

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಬೋಧನಾಭ್ಯಾಸವನ್ನು ಪಡೆದು, ಅನೇಕ ವರ್ಷ ಪಾಠಹೇಳಿ, ಇತರ ಉಪಾಧ್ಯಾಯಿನಿಯರಿಗೆ ಬುದ್ಧಿಹೇಳುವ ಸ್ಥಾನದಲ್ಲಿರುವ ನಾವೇ ಈ ತಪ್ಪನ್ನು ಮಾಡಿದೆವು. ಕೆಲವು ವರ್ಷಗಳ ಹಿಂದೆ ಅಕ್ಕತಂಗಿಯರಿಬ್ಬರು ನಮ್ಮಲ್ಲಿ ಓದುತ್ತಿದ್ದರು. ಹಿರಿಯವಳು ಲೆಕ್ಕದಲ್ಲಿ ಬಹು ಚುರುಕು. ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವಳು. ಎರಡು ವರ್ಷಗಳ ತರುವಾಯ ತಂಗಿಯು ಅದೇ ತರಗತಿಗೆ ಬಂದಳು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು, ಮೇಜಿನ ಅಂಚನ್ನು ಹಿಡಿಯುವಳು, ಸುಮ್ಮನಿರುವಳು. ಒಂದು ದಿನ ಎಲ್ಲರೆದುರಿಗೆ ನಾವು, “ನಿನ್ನ ಅಕ್ಕನು ಇದೇ ಬೆಂಚಿನಲ್ಲಿ ಕುಳಿತು ಇದೇ ಲೆಕ್ಕವನ್ನು ಬಾಯಲ್ಲಿಯೇ ಮಾಡುತ್ತಿದ್ದಳಲ್ಲಾ!” ಎಂದೆವು. ಹುರಿದುಂಬಿಸುವುದೇ ನಮ್ಮ ಉದ್ದೇಶವಾಗಿತ್ತು. ಆ ಮಾತನ್ನು ಒಂದು ಸಲವಲ್ಲ, ಹಲವು ಸಲ ಆಡಿದೆವು.

ದಸರಾ ರಜೆಗೆ ಮುಂಚೆ ಅವಳ ತಾಯಿಯು ಬಂದರು. ದೂರುವುದಕ್ಕಾಗಿ ಬಂದವರಲ್ಲ. “ಟೀಚರಮ್ಮಾ, ರಾತ್ರಿ ಇವಳು ಒಂದು ಮಾತು ಕೇಳಿದಳು. ಶಾಲೆಯವರಿಗೆ ಅಕ್ಕನೇ ಬೇಕಾದರೆ ನನ್ನನ್ನೇಕೆ ಕಳುಹಿಸುತ್ತೀ ಎಂದಳು. ಅವಳಿಗೆ ಏನು ಹೇಳಲಿ?” ಎಂದರು. ನಮಗೂ ಉತ್ತರ ತೋಚಲಿಲ್ಲ.

ಅಂದು ಸಂಜೆ ನಾವು ಆ ಹುಡುಗಿಯ ಲೆಕ್ಕದ ಪುಸ್ತಕವನ್ನು ತರಿಸಿ ಮೊದಲ ಪುಟದಿಂದ ನೋಡಿದೆವು. ತರಗತಿಯಲ್ಲಿ ಅವಳು ಉತ್ತರ ಹೇಳದ ಲೆಕ್ಕಗಳೆಲ್ಲವೂ ಪುಸ್ತಕದಲ್ಲಿ ಸರಿಯಾಗಿದ್ದುವು. ಅವಳಿಗೆ ಲೆಕ್ಕ ಬಾರದೆ ಇರಲಿಲ್ಲ, ಹೊತ್ತು ಬೇಕಾಗಿತ್ತು. ನಿಧಾನವಾಗಿ ಒಗ್ಗಿಕೊಳ್ಳುವ ಸ್ವಭಾವವನ್ನು ನಾವು ಅಜ್ಞಾನವೆಂದೆಣಿಸಿದ್ದೆವು. ಮಾರನೆಯ ದಿನದಿಂದ ಒಂದು ಚಿಕ್ಕ ಏರ್ಪಾಡು ಮಾಡಿದೆವು. ಶಾಲೆ ಬಿಡುವಾಗ ಅವಳನ್ನು ಕರೆದು, “ನಾಳೆ ಈ ಲೆಕ್ಕವನ್ನು ನಿನ್ನನ್ನು ಕೇಳುತ್ತೇವೆ” ಎಂದು ಮೊದಲೇ ತಿಳಿಸುತ್ತ ಬಂದೆವು. ಅಕ್ಕನ ಹೆಸರನ್ನೆತ್ತುವುದನ್ನು ಬಿಟ್ಟೆವು. ಮೊದಲ ವಾರ ಧ್ವನಿ ಮೇಲಿನ ಬೆಂಚಿಗೂ ಕೇಳಿಸಲಿಲ್ಲ. ಕ್ರಿಸ್‌ಮಸ್ ರಜೆ ಕಳೆದು ಬಂದ ಮೇಲೆ ಒಂದು ದಿನ, ಮುಂಚಿತವಾಗಿ ತಿಳಿಸದಿದ್ದ ಪ್ರಶ್ನೆಯೊಂದಕ್ಕೆ ಅವಳು ತಾನಾಗಿಯೇ ಕೈಯೆತ್ತಿದಳು.

ಇಷ್ಟೇ ಆಗಿದ್ದರೆ ನಮ್ಮ ತಪ್ಪಿನ ಅರ್ಧವನ್ನೇ ಕಂಡಂತಾಗುತ್ತಿತ್ತು. ಅದೇ ವರ್ಷ ಅಕ್ಕನು ಒಂದು ಪರೀಕ್ಷೆಯಲ್ಲಿ ಎರಡನೆಯವಳಾದಳು. ಅಂಕಪಟ್ಟಿಯನ್ನು ಮನೆಗೆ ಒಯ್ಯದೆ ಪುಸ್ತಕದ ರಟ್ಟಿನೊಳಗೆ ಬಚ್ಚಿಟ್ಟಿದ್ದಳು. ಕರೆದು ವಿಚಾರಿಸಿದಾಗ, “ತಂಗಿಗೆ ತಿಳಿದರೆ?” ಎಂದು ಅತ್ತಳು. ತಂಗಿಯ ಮುಂದೆ ಅವಳನ್ನು ಮಾದರಿಯಾಗಿ ನಿಲ್ಲಿಸಿದುದರಿಂದ, ಒಂದು ಸಲವೂ ಎಡವುವ ಹಕ್ಕನ್ನು ನಾವು ಅವಳಿಂದ ಕಿತ್ತುಕೊಂಡಿದ್ದೆವು. ಹೋಲಿಕೆಯ ಮಾತು ಒಬ್ಬಳನ್ನು ಕುಗ್ಗಿಸುವುದೆಂದು ಎಲ್ಲರೂ ಬಲ್ಲರು. ಮತ್ತೊಬ್ಬಳನ್ನು ಹೆದರಿಸುವುದೆಂಬುದನ್ನು ನಾವು ಅಂದು ಕಲಿತೆವು. ಏಸಾವ ಯಾಕೋಬರ ವೃತ್ತಾಂತವನ್ನು ಓದಿದವರಿಗೆ ಇದು ಹೊಸದಾಗಿರಲಾರದು. ಒಂದೇ ಗರ್ಭದ ಅವಳಿಗಳಲ್ಲಿ ತಂದೆಗೊಬ್ಬನು, ತಾಯಿಗೊಬ್ಬನು ಮೆಚ್ಚಿನವನಾದ ಆ ಮನೆಯಲ್ಲಿ ಇಬ್ಬರು ಮಕ್ಕಳೂ ನೆಮ್ಮದಿ ಕಾಣಲಿಲ್ಲ.

ಹೀಗೆ ಅನುಭವದಿಂದ ಕಲಿತ ಕೆಲವು ಮಾತುಗಳನ್ನು ತಂದೆತಾಯಿಗಳ ಮುಂದಿಡುತ್ತೇವೆ.

ಒಂದನೆಯದು: ಎರಡನೆಯ ಕೂಸು ಹುಟ್ಟುವಾಗಲೇ ಈ ಕೆಲಸವನ್ನು ಪ್ರಾರಂಭಿಸಬೇಕು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಮಹಿಳೆಯರು ನಾಲ್ವತ್ತು ಕುಟುಂಬಗಳನ್ನು ಎರಡನೆಯ ಮಗುವಿನ ಜನನಕ್ಕೆ ಮುಂಚಿನಿಂದಲೂ ನೋಡುತ್ತ ಬಂದು, ೧೯೮೨ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದರು. ಯಾವ ತಾಯಿಯು ಹಿರಿಯ ಮಗುವಿನೊಡನೆ, “ನೋಡು, ಪಾಪುವಿಗೆ ಹಸಿವಾಗಿರಬಹುದೇ? ಯಾಕೆ ಅಳುತ್ತಿದೆ?” ಎಂದು ಆ ಕೂಸೂ ಒಂದು ಮನಸ್ಸುಳ್ಳ ಜೀವವೆಂಬಂತೆ ಮಾತನಾಡುವಳೋ, ಆ ಮನೆಯಲ್ಲಿ ಒಂದು ವರ್ಷ ಕಳೆದ ಮೇಲೆಯೂ ಮಕ್ಕಳಲ್ಲಿ ಸ್ನೇಹವು ಹೆಚ್ಚಾಗಿರುವುದೆಂದು ಅವರು ಕಂಡರು. ಇದಕ್ಕೆ ಹಣದ ಖರ್ಚಿಲ್ಲ.

ಎರಡನೆಯದು: ಮಕ್ಕಳಿಗೆ ಹೆಸರುಪಟ್ಟಿಯನ್ನು ಅಂಟಿಸಬಾರದು. ‘ಇವಳು ಜಾಣೆ, ಅವಳು ಕೆಲಸಗಾತಿ’ ಎಂದು ಹಂಚಿಬಿಟ್ಟರೆ, ಜಾಣೆಯು ಪೊರಕೆಯನ್ನು ಮುಟ್ಟಳು, ಕೆಲಸಗಾತಿಯು ಪುಸ್ತಕವನ್ನು ತೆರೆಯಳು. ಐದು ವರ್ಷದಲ್ಲಿ ಸರಿಯೆಂದು ತೋರಿದ ಹೆಸರು ಹನ್ನೆರಡರಲ್ಲಿ ಸುಳ್ಳಾಗಬಹುದು.

ಮೂರನೆಯದು: ಸಮನಾಗಿ ನೋಡುವುದೆಂದರೆ ಒಂದೇ ರೀತಿಯಾಗಿ ನೋಡುವುದಲ್ಲ. ಐದು ಬೆರಳೂ ಸಮವಲ್ಲವೆಂದು ಗಾದೆಯುಂಟು. ಆದರೂ ಉಗುರು ಕಿತ್ತರೆ ಎಲ್ಲ ಬೆರಳಿಗೂ ನೋವು ಒಂದೇ. ಹೊರಗೆ ಓಡಾಡುವ ಮಗುವಿಗೆ ಆಟದ ಬಯಲನ್ನೂ, ಹಿಂಜರಿಯುವ ಮಗುವಿಗೆ ಸ್ವಲ್ಪ ಹೊತ್ತನ್ನೂ ಕೊಡುವುದೇ ಸಮತೆ.

ನಾಲ್ಕನೆಯದು: ದಿನಕ್ಕೆ ಕಾಲು ಗಂಟೆಯಾದರೂ ಒಂದೊಂದು ಮಗುವನ್ನು ಒಂಟಿಯಾಗಿ ನಿಮ್ಮ ಬಳಿಯಲ್ಲಿರಿಸಿಕೊಳ್ಳಿರಿ. ಜಡೆ ಹಾಕುವಾಗ, ಸೊಪ್ಪು ಬಿಡಿಸುವಾಗ, ಅಂಗಡಿಗೆ ನಡೆಯುವಾಗ ಅದು ಆಡುವ ಮಾತು, ಎಲ್ಲರೂ ಕೂಡಿದಾಗ ಆಡುವ ಮಾತಿಗಿಂತ ಬೇರೆಯಾಗಿರುವುದನ್ನು ನೀವೇ ಕಾಣುವಿರಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವೆಲ್ಲರೂ ಮೆಚ್ಚುತ್ತೇವೆ. ಶಿಸ್ತು ಬೇಡವೆಂದು ನಾವು ಹೇಳುವವರಲ್ಲ. ಆದರೆ ಬಗ್ಗಿಸುವ ಮೊದಲು ಗಿಡ ಯಾವುದೆಂದು ತಿಳಿಯಬೇಕಷ್ಟೆ. ಬಳ್ಳಿಗೆ ಚಪ್ಪರ ಬೇಕು, ಮಾವಿಗೆ ಪಾತಿ ಬೇಕು. ಒಂದಕ್ಕೆ ಮಾಡಿದ ಉಪಚಾರವು ಇನ್ನೊಂದಕ್ಕೆ ಸಲ್ಲದು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಅಕ್ಕಂದಿರ ಹಿಂದೆ ಈ ಶಾಲೆಗೆ ಬಂದವರು. ನಮ್ಮ ಅಥವಾ ನಮ್ಮ ಜೊತೆಗಾರ್ತಿಯರ ಬಾಯಿಂದ ಹೋಲಿಕೆಯ ಮಾತನ್ನು ಕೇಳಿ ನೊಂದವರು ಇದ್ದರೆ, ಅವರಲ್ಲಿ ಈ ಮೂಲಕ ಕ್ಷಮೆಯನ್ನು ಬೇಡುತ್ತೇವೆ. ನಿಮ್ಮ ಮಕ್ಕಳು ನಮ್ಮಲ್ಲಿಗೆ ಬಂದಾಗ ಆ ಮಾತು ಕೇಳಿಸದಂತೆ ಎಚ್ಚರದಿಂದಿರುವೆವು.

ನಮ್ಮ ಪ್ರವೇಶ ಪುಸ್ತಕದಲ್ಲಿ ಹುಡುಗಿಯ ಹೆಸರಿಗೆ ಒಂದು ಕಾಲಂ ಉಂಟು. ತಂದೆಯ ಹೆಸರಿಗೆ, ಊರಿಗೆ, ಜನ್ಮದಿನಕ್ಕೆ ಒಂದೊಂದುಂಟು. ಅಕ್ಕನ ಹೆಸರಿಗೆ ಕಾಲಂ ಇಲ್ಲ. ಈ ಪುಸ್ತಕವನ್ನು ಗೆರೆಹಾಕಿ ಸಿದ್ಧಪಡಿಸಿದವರು ಯಾರೋ ತಿಳಿಯದು. ಅವರು ನಮಗಿಂತ ವಿವೇಕಿಗಳಾಗಿದ್ದರು. ಈಗ ಜೂನ್ ತಿಂಗಳಲ್ಲಿ ತಾಯಂದಿರು, “ಇವಳು ಅಕ್ಕನ ಹಾಗಲ್ಲ” ಎಂದಾಗ, ನಾವು ಸೆರಗಿನ ಮರೆಯಲ್ಲಿರುವ ಮಗುವನ್ನು ನೋಡಿ, “ಹಾಗಾದರೆ ನೀನು ಹೇಗೆ ಎಂಬುದನ್ನು ನೀನೇ ನಮಗೆ ನಿಧಾನವಾಗಿ ಹೇಳಮ್ಮಾ” ಎನ್ನುತ್ತೇವೆ.