ಅಲಂಕಾರಗಳನ್ನು ಗುರುತಿಸುವ ಬಗೆ

ಅಲಂಕಾರವೆಂದೊಡನೆ ನಮ್ಮಲ್ಲಿ ಹಲವರಿಗೆ ಶಾಲೆಯ ಪ್ರಶ್ನಪತ್ರಿಕೆಯೇ ನೆನಪಾಗುತ್ತದೆ. ಆದರೆ ಅಲಂಕಾರವು ಕವಿಗಳ ಸೊತ್ತು ಮಾತ್ರವಲ್ಲ. ನಮ್ಮ ದಿನನಿತ್ಯದ ಮಾತಿನಲ್ಲಿಯೂ ಅದು ತುಂಬಿದೆ. ಊರಿನಿಂದ ಬಂದ ಅಜ್ಜಿಯು “ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ” ಎಂದಾಗ, ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಪ್ರತಿಯೊಂದು ಶಬ್ದವೂ ತಿಳಿಯುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಶಬ್ದದ ಮೊದಲ ಅರ್ಥದಲ್ಲಿಯೇ ನಿಂತುಬಿಟ್ಟವರಿಗೆ ಕನ್ನಡವು ಅರ್ಧ ಮಾತ್ರ ದಕ್ಕುತ್ತದೆ. ಆದುದರಿಂದ ಹೊರನಾಡಿನಲ್ಲಿರುವ ನಾವು ಈ ಪಾಠವನ್ನು ಮನೆಯಲ್ಲಿಯೇ ಕಲಿಸಬೇಕಾಗಿದೆ.

ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು ೯ನೆಯ ಶತಮಾನದ ‘ಕವಿರಾಜಮಾರ್ಗ’. ಅದರ ಎರಡನೆಯ ಪರಿಚ್ಛೇದವು ಶಬ್ದಾಲಂಕಾರಗಳಿಗೂ ಮೂರನೆಯದು ಅರ್ಥಾಲಂಕಾರಗಳಿಗೂ ಮೀಸಲು. ಶಬ್ದದ ಸೊಗಸು ಕಿವಿಗೆ ತಾನಾಗಿ ತಿಳಿಯುತ್ತದೆ. ಅರ್ಥಾಲಂಕಾರಗಳಲ್ಲಿಯೇ ಗೊಂದಲ ಹೆಚ್ಚು. ಅವುಗಳಲ್ಲಿ ಐದನ್ನು ಇಲ್ಲಿ ನೋಡೋಣ. ಆಡುವವನು ಎರಡು ವಸ್ತುಗಳನ್ನು ಎಷ್ಟು ಹತ್ತಿರ ತಂದಿದ್ದಾನೆ ಎಂದು ಕೇಳಿಕೊಂಡರೆ ದಾರಿಯು ಸುಲಭ.

“ದಾದರ ನಿಲ್ದಾಣದಲ್ಲಿ ಜನರ ಗುಂಪು ಸಮುದ್ರದಂತೆ ಉಕ್ಕಿತು.” ಇದು ಉಪಮೆ. ಜನರ ಗುಂಪು ಉಪಮೇಯ, ಸಮುದ್ರವು ಉಪಮಾನ, ಉಕ್ಕುವುದು ಸಮಾನಧರ್ಮ, ‘ಅಂತೆ’ ಎಂಬುದು ವಾಚಕ. ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದಾದರೂ ಬಿಟ್ಟುಹೋಗಿದ್ದರೆ ಲುಪ್ತೋಪಮೆ. ಇಲ್ಲಿ ಎರಡು ವಸ್ತುಗಳೂ ಬೇರೆ ಬೇರೆಯಾಗಿಯೇ ಉಳಿದಿವೆ.

“ನಿಲ್ದಾಣದಲ್ಲಿ ಜನಸಮುದ್ರವು ಉಕ್ಕಿತು” ಎಂದರೆ ‘ಅಂತೆ’ ಹೋಯಿತು, ಜನರೇ ಸಮುದ್ರವಾದರು. ಈ ಅಭೇದವೇ ರೂಪಕ.

“ಅರಬ್ಬೀ ಸಮುದ್ರವೇ ದಂಡೆ ಮೀರಿ ಒಳಗೆ ನುಗ್ಗಿತೋ ಎಂಬಂತೆ ಜನರು ನುಗ್ಗಿದರು.” ಸಮುದ್ರವು ನುಗ್ಗಿಲ್ಲವೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಆದರೂ ಹಾಗೆ ಕಲ್ಪಿಸಿದ್ದಾನೆ. ಇದು ಉತ್ಪ್ರೇಕ್ಷೆ. ‘ಓ ಎಂಬಂತೆ’, ‘ಏನೋ ಎನ್ನುವ ಹಾಗೆ’ ಎಂಬ ಮಾತುಗಳು ಇದರ ಗುರುತು.

“ಸಾಸಿವೆ ಹಾಕಿದರೂ ಕೆಳಗೆ ಬೀಳದಷ್ಟು ಜನ” ಎಂದರೆ ಲೋಕದ ಮಿತಿಯನ್ನು ಮೀರಿದ ವರ್ಣನೆ; ಇದು ಅತಿಶಯೋಕ್ತಿ. ಇದನ್ನು ಸುಳ್ಳೆಂದು ಯಾರೂ ಆಕ್ಷೇಪಿಸುವುದಿಲ್ಲ.

ಇನ್ನು ನಮ್ಮ ಗಾದೆಗಳು. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.” ಇಲ್ಲಿ ಹೋಲಿಸುವ ಶಬ್ದವೇ ಇಲ್ಲ. ಎರಡು ವಾಕ್ಯಗಳು ಬಿಂಬ ಪ್ರತಿಬಿಂಬಗಳಾಗಿ ಎದುರುಬದುರು ನಿಂತಿವೆ. ಇದು ದೃಷ್ಟಾಂತ.

ಎರಡು ಎಚ್ಚರಿಕೆಗಳು ಅವಶ್ಯ. ‘ಅಂತೆ’ ಕಂಡಲ್ಲೆಲ್ಲ ಉಪಮೆಯಿಲ್ಲ. “ಅವರು ಊರಿಗೆ ಹೋದರಂತೆ” ಎಂಬುದು ಕೇಳಿದ ಸುದ್ದಿ, ಅಷ್ಟೆ. ಹಾಗೆಯೇ “ತಮ್ಮನು ಅಣ್ಣನಂತೆ ಎತ್ತರ” ಎಂಬಲ್ಲಿ ಹೋಲಿಕೆಯಿದ್ದರೂ ಚಮತ್ಕಾರವಿಲ್ಲ. ಬೇರೆ ಜಾತಿಯ ಎರಡು ವಸ್ತುಗಳು ಕೂಡಿ ಮನಸ್ಸಿಗೆ ಹೊಸದೊಂದು ಚಿತ್ರ ಮೂಡಿದರೆ ಮಾತ್ರ ಅಲಂಕಾರ.

ಹೆಸರು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಜನರನ್ನು ಕಾಡೆನ್ನದೆ ಸಮುದ್ರವೆಂದುದೇಕೆ? ಕಾಡು ನಿಂತಿರುತ್ತದೆ, ಸಮುದ್ರವು ತಳ್ಳುತ್ತದೆ. ಈ ‘ಏಕೆ’ ತಿಳಿದಾಗಲೇ ಓದು ರುಚಿಸುತ್ತದೆ. ಲಕ್ಷ್ಮೀಶನನ್ನು ಉಪಮಾಲೋಲನೆಂದೂ ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿಯೆಂದೂ ಕನ್ನಡಿಗರು ಕರೆದುದು ಇಂತಹ ರುಚಿಯಿಂದಲೇ. ವಾಚನಾಲಯದಿಂದ ಪುಸ್ತಕವನ್ನು ಒಯ್ಯುವ ತಂದೆತಾಯಿಗಳು ಮಕ್ಕಳೊಡನೆ ದಿನಕ್ಕೊಂದು ಪುಟವನ್ನೋದಿ, “ಏನನ್ನು ಏನೆಂದಿದ್ದಾರೆ? ಏಕೆ?” ಎಂದು ಕೇಳಲಿ. ಮಗುವು ತಾನೇ ಒಂದು ಹೋಲಿಕೆಯನ್ನು ಕಟ್ಟಿದ ದಿನ ಭಾಷೆಯು ಅದರದಾಯಿತೆಂದು ತಿಳಿಯೋಣ.

ಅಭ್ಯಾಸ: ಅಲಂಕಾರವನ್ನು ಗುರುತಿಸಿ.

೧. ಮಳೆಗಾಲದ ಬೀದಿಯೆಂದರೆ ಕೊಡೆಗಳ ತೋಟ.

೨. ಲೋಕಲ್ ಗಾಡಿಯು ಸೂಜಿಯಂತೆ ಊರಿಗೆ ಊರನ್ನು ಹೊಲಿಯುತ್ತದೆ.

೩. ತಂದೆ ಹೇಳಿದಂತೆ ಮಗನು ಪತ್ರ ಬರೆದನು.

೪. ಸೂರ್ಯನ ಮೇಲೆ ನಂಬಿಕೆಯಿಲ್ಲವೋ ಎಂಬಂತೆ ಬೀದಿಯ ದೀಪಗಳು ಬೆಳಗಾದರೂ ಉರಿಯುತ್ತಿದ್ದುವು.

ಉತ್ತರ: ೧. ರೂಪಕ. ೨. ಉಪಮೆ. ೩. ಅಲಂಕಾರವಿಲ್ಲ. ೪. ಉತ್ಪ್ರೇಕ್ಷೆ.